ಸದಸ್ಯ ಸಂಖ್ಯೆ ಸೊನ್ನೆ: ಅಡಿಕೆ ರಸೀದಿಯ ಎಕ್ಸ್‌ಎಂಎಲ್ ಕಡತದಲ್ಲಿ ಕಡ್ಡಾಯ ವಿವರಗಳು ಕಾಣೆಯಾದ ಪ್ರಕರಣ

ಕಾಸರಗೋಡು ಜಿಲ್ಲೆಯ ಗಡಿಭಾಗದಲ್ಲಿ ಅಡಿಕೆ ಕೊಳ್ಳುವ ಒಂದು ಸಹಕಾರ ಸಂಘದ ಲೆಕ್ಕದಲ್ಲಿ 0 ಎಂಬ ಸದಸ್ಯ ಸಂಖ್ಯೆಯ ಖಾತೆಯೊಂದು ಹುಟ್ಟಿಕೊಂಡಿತ್ತು. ಆ ಸಂಘದ ಸದಸ್ಯತ್ವ ಆರಂಭವಾಗುವುದೇ 1ರಿಂದ. ಸೊನ್ನೆಯ ಸದಸ್ಯನಿಗೆ ಹೆಸರಿಲ್ಲ, ತೋಟವಿಲ್ಲ, ಪಾಲು ಬಂಡವಾಳವಿಲ್ಲ. ಆದರೂ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕೇಂದ್ರಗಳಿಂದ ಅವನ ಹೆಸರಿಗೆ ಅಡಿಕೆ ಬರುತ್ತಲೇ ಇತ್ತು, ಹಣ ಜಮೆಯಾಗುತ್ತಲೇ ಇತ್ತು. ಅತ್ತ ರಸೀದಿಯನ್ನು ಕೈಯಲ್ಲಿ ಹಿಡಿದ ಕೃಷಿಕರು ತಮ್ಮ ಖಾತೆಗೆ ಹಣ ಬಂದಿಲ್ಲ ಎಂದು ಕಚೇರಿಯ ಮುಂದೆ ನಿಲ್ಲುತ್ತಿದ್ದರು. ಸಂಘದ ಕಾರ್ಯದರ್ಶಿ ನಿವೃತ್ತ ಶಾಲಾ ಅಧ್ಯಾಪಕರು. ಲೆಕ್ಕಪರಿಶೋಧಕರು ಬರುವುದಕ್ಕೆ ಮೊದಲು ಈ ಸೊನ್ನೆಯ ಮನುಷ್ಯ ಯಾರೆಂದು ತಿಳಿಯಬೇಕು ಎಂದು ಅವರು ಹಟ ಹಿಡಿದದ್ದರಿಂದ ವಿಷಯ ನನ್ನ ಬಳಿಗೆ ಬಂತು.

ಕೇಂದ್ರಗಳಲ್ಲಿ ನಡೆಯುವ ಕೆಲಸ ಹೀಗಿದೆ. ಕೃಷಿಕರು ಒಣಗಿಸಿ ಸುಲಿದ ಚಾಲಿ ಅಡಿಕೆ ತರುತ್ತಾರೆ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ದರ್ಜೆ ನೋಡಿ ತೂಗುತ್ತಾರೆ. ಗುಮಾಸ್ತರು ಕಂಪ್ಯೂಟರಿನಲ್ಲಿ ರಸೀದಿ ಮಾಡಿ ಒಂದು ಪ್ರತಿ ಕೃಷಿಕರಿಗೆ ಕೊಟ್ಟು, ಇನ್ನೊಂದನ್ನು ಕಡತಕ್ಕೆ ಚುಚ್ಚುತ್ತಾರೆ. ಮಳೆಗಾಲದಲ್ಲಿ ವಿದ್ಯುತ್ತು, ಇಂಟರ್ನೆಟ್ಟು ಎರಡನ್ನೂ ನಂಬುವಂತಿಲ್ಲವಾದ್ದರಿಂದ ದಿನದ ರಸೀದಿಗಳೆಲ್ಲ ಕೇಂದ್ರದಲ್ಲೇ ಕೂಡಿಕೊಂಡು, ಸಂಪರ್ಕ ಸಿಕ್ಕಾಗ ಒಂದೇ ಎಕ್ಸ್‌ಎಂಎಲ್ ಕಡತವಾಗಿ, ಎಂದರೆ ಪ್ರತಿ ವಿವರವನ್ನೂ ಅದರ ಹೆಸರು ಹೇಳುವ ಟ್ಯಾಗ್ ಎಂಬ ಗುರುತಿನೊಳಗೆ ಇಟ್ಟು ಬರೆದ ಪಠ್ಯವಾಗಿ, ಮುಖ್ಯ ಕಚೇರಿಗೆ ಹೋಗುತ್ತವೆ. ಅಲ್ಲಿ ಜಾವಾದಲ್ಲಿ ಬರೆದ ತಂತ್ರಾಂಶ ಅದನ್ನು ಬಿಚ್ಚಿ ವಸ್ತುಗಳನ್ನಾಗಿ, ಎಂದರೆ ಜಾವಾ ಆಬ್ಜೆಕ್ಟ್‌ಗಳನ್ನಾಗಿ, ಮಾಡಿ ಲೆಕ್ಕಕ್ಕೆ ಏರಿಸುತ್ತದೆ. ಎಕ್ಸ್‌ಎಂಎಲ್‌ನಿಂದ ಜಾವಾ ವಸ್ತುವಿಗೆ ಹೋಗುವ ಈ ಕೆಲಸಕ್ಕೆ ಅನ್‌ಮಾರ್ಷಲಿಂಗ್ ಎಂದೂ, ವಸ್ತುವಿನಿಂದ ಎಕ್ಸ್‌ಎಂಎಲ್‌ಗೆ ಮರಳುವುದಕ್ಕೆ ಮಾರ್ಷಲಿಂಗ್ ಎಂದೂ ಹೆಸರು. ಎರಡನ್ನೂ ಇಲ್ಲಿ ಜಾಕ್ಸ್‌ಬಿ ಎಂಬ ಗ್ರಂಥಾಲಯ ಮಾಡುತ್ತಿತ್ತು.

ಎಲ್ಲವೂ ಕ್ರಮಬದ್ಧವಾಗಿಯೇ ಇದ್ದಂತೆ ತೋರುತ್ತಿತ್ತು. ರಸೀದಿ ಹೇಗಿರಬೇಕೆಂದು ಹೇಳುವ ಸ್ಕೀಮಾ, ಅಂದರೆ ಎಕ್ಸ್‌ಎಸ್‌ಡಿ ಕಡತ, ಇತ್ತು. ಅದರಲ್ಲಿ ಸದಸ್ಯ ಸಂಖ್ಯೆ, ದರ್ಜೆ, ತೂಕ, ದರ ಎಲ್ಲವೂ ಕಡ್ಡಾಯ. ಆ ಸ್ಕೀಮಾವನ್ನು ಎಕ್ಸ್‌ಜೆಸಿ ಎಂಬ ಉಪಕರಣಕ್ಕೆ ಕೊಟ್ಟು ಜಾವಾ ಕ್ಲಾಸ್‌ಗಳನ್ನು, ಎಂದರೆ ವಸ್ತುಗಳ ಅಚ್ಚುಗಳನ್ನು, ಹುಟ್ಟಿಸಿದ್ದರು. ಕ್ಲಾಸ್ ತೆರೆದು ನೋಡಿದರೆ ದರ್ಜೆ, ತೂಕ, ದರದಂಥ ಫೀಲ್ಡುಗಳ (ಒಂದೊಂದು ವಿವರ ಕೂರುವ ಜಾಗಗಳ) ಮೇಲೆ ‘ರಿಕ್ವೈರ್ಡ್ ಈಕ್ವಲ್ಸ್ ಟ್ರೂ’ ಎಂಬ ಅನೊಟೇಶನ್, ಎಂದರೆ ಸೂಚನಾ ಚೀಟಿ, ಹಚ್ಚಿಕೊಂಡಿತ್ತು. ಹಿಂದೆ ತಂತ್ರಾಂಶ ಬರೆದುಕೊಟ್ಟವರು ಅದನ್ನೇ ತೋರಿಸಿ, ‘ಕಡ್ಡಾಯ ಎಂದು ನಮೂದಿಸಿದ್ದೇವಲ್ಲ, ಇಲ್ಲದೆ ಬರುವುದಕ್ಕೆ ಸಾಧ್ಯವೇ ಇಲ್ಲ’ ಎಂದು ವಾದಿಸಿದ್ದರಂತೆ.

ಸಾಧ್ಯವಿದೆ. ಆ ಅನೊಟೇಶನ್‌ಗೆ ಇರುವ ಕೆಲಸ ಒಂದೇ: ಜಾವಾ ಕ್ಲಾಸಿನಿಂದ ಸ್ಕೀಮಾ ಹುಟ್ಟಿಸುವಾಗ, ಈ ಟ್ಯಾಗ್ ಕನಿಷ್ಠ ಒಂದು ಸಲ ಬರಬೇಕು ಎಂದು ಬರೆಯುವುದು. ಇಂಥ ಫೀಲ್ಡುಗಳಿಗೆ ಅದಿಲ್ಲದಿದ್ದರೆ ಸ್ಕೀಮಾದಲ್ಲಿ ‘ಮಿನ್‌ಅಕರ್ಸ್’ ಸೊನ್ನೆಯಾಗುತ್ತದೆ, ಇದ್ದರೆ ಒಂದಾಗುತ್ತದೆ. ಕಡತ ಓದುವ ಹೊತ್ತಿನಲ್ಲಿ ಜಾಕ್ಸ್‌ಬಿ ಅದನ್ನು ಆಧಾರವಾಗಿ ಇಟ್ಟುಕೊಂಡು ಏನನ್ನೂ ತಡೆಯುವುದಿಲ್ಲ. ಟ್ಯಾಗ್ ಬಂದರೆ ತುಂಬುತ್ತದೆ, ಬಾರದಿದ್ದರೆ ಫೀಲ್ಡನ್ನು ಹಾಗೆಯೇ ಬಿಟ್ಟು ಮುಂದೆ ಹೋಗುತ್ತದೆ. ಬರೆಯುವಾಗಲೂ ಹಾಗೆಯೇ, ಕಡ್ಡಾಯ ಫೀಲ್ಡಿನಲ್ಲಿ ನಲ್, ಎಂದರೆ ಮೌಲ್ಯವೇ ಇಲ್ಲದ ಸ್ಥಿತಿ, ಇದ್ದರೆ ತಕರಾರಿಲ್ಲದೆ ಆ ಟ್ಯಾಗನ್ನೇ ಬಿಟ್ಟುಬಿಡುತ್ತದೆ.

ಇದು ಕಣ್ತಪ್ಪಿನಿಂದ ಆದದ್ದೇನಲ್ಲ. 2003ರ ಜಾಕ್ಸ್‌ಬಿ 1.0 ಕಡತದ ರಚನೆಯ ವಿಷಯದಲ್ಲಿ ಬಿಗಿಯಾಗಿತ್ತು. ನಿರೀಕ್ಷಿಸಿದ ಕ್ರಮದಲ್ಲಿ ಟ್ಯಾಗ್ ಬಾರದಿದ್ದರೆ ಎಡವುತ್ತಿತ್ತು. 2006ರ 2.0 ಆವೃತ್ತಿಯಲ್ಲಿ ಬೇಕೆಂದೇ ಸಡಿಲ ಬಿಟ್ಟರು. ಸ್ಕೀಮಾ ಸ್ವಲ್ಪ ಬದಲಾದ ಹೊಸ ಕಡತವನ್ನು ಹಳೆಯ ತಂತ್ರಾಂಶವೂ ಓದಬಲ್ಲದು ಎಂಬುದು ಅದರ ಲಾಭ. ಪರಿಶೀಲನೆ ಬೇಕಾದವರು ಜಾವಾದಲ್ಲೇ ಪ್ರತ್ಯೇಕವಾಗಿರುವ ಪರಿಶೀಲನಾ ಸೌಲಭ್ಯದಿಂದ ಸ್ಕೀಮಾ ವಸ್ತುವೊಂದನ್ನು ಮಾಡಿ ಅನ್‌ಮಾರ್ಷಲರ್‌ಗೆ ‘ಸೆಟ್‌ಸ್ಕೀಮಾ’ ಮೂಲಕ ಕೊಡಬೇಕು. ಕೊಡದವರಿಗೆ ಸಡಿಲವೇ ಸಿಗುತ್ತದೆ. ಈ ಸಂಘದ ಸ್ಕೀಮಾ ಕ್ಲಾಸ್ ಹುಟ್ಟಿಸುವ ದಿನ ಒಮ್ಮೆ ಕೆಲಸ ಮಾಡಿ, ಆಮೇಲೆ ಫೋಲ್ಡರಿನಲ್ಲಿ ಮಲಗಿತ್ತು.

ಇನ್ನು ಸೊನ್ನೆ ಎಲ್ಲಿಂದ ಬಂತು? ಇಲ್ಲೊಂದು ವಕ್ರತೆಯಿದೆ. ಎಕ್ಸ್‌ಜೆಸಿ ಉಪಕರಣವು ಸ್ಕೀಮಾದಲ್ಲಿ ‘ಇಂಟ್’ ಎಂದು ಬರೆದ ಐಚ್ಛಿಕ ಪೂರ್ಣಾಂಕಕ್ಕೆ ‘ಇಂಟೀಜರ್’ ಎಂಬ ವಸ್ತುರೂಪದ ಫೀಲ್ಡನ್ನೂ, ಕಡ್ಡಾಯವಾದದ್ದಕ್ಕೆ ಬರಿಯ ‘ಇಂಟ್’ ಅನ್ನೂ ಹುಟ್ಟಿಸುತ್ತದೆ. ಕಡ್ಡಾಯ ಎಂದ ಮೇಲೆ ಬಂದೇ ಬರುತ್ತದೆ, ಖಾಲಿಯಿರುವ ಪ್ರಶ್ನೆ ಎಲ್ಲಿಂದ ಎಂಬುದು ಅದರ ತರ್ಕ. ಇಂಟೀಜರ್ ಆಗಿದ್ದರೆ ಟ್ಯಾಗ್ ಬಾರದಿದ್ದಾಗ ನಲ್ ಉಳಿಯುತ್ತಿತ್ತು, ಎಲ್ಲೋ ಒಂದು ಕಡೆ ತಂತ್ರಾಂಶ ಎಡವಿ ಬೀಳುತ್ತಿತ್ತು, ಯಾರಾದರೂ ನೋಡುತ್ತಿದ್ದರು. ಇಂಟ್ ಆದ್ದರಿಂದ ಜಾವಾದ ಆರಂಭಿಕ ಮೌಲ್ಯ 0 ಉಳಿದುಕೊಂಡಿತು. ಪರಿಶೀಲನೆ ಇಲ್ಲದ ಕಡೆ, ಐಚ್ಛಿಕ ಎಂದು ಬಿಟ್ಟ ವಿವರಕ್ಕಿಂತ ಕಡ್ಡಾಯ ಎಂದು ಬರೆದ ವಿವರವೇ ಹೆಚ್ಚು ಅಪಾಯಕಾರಿಯಾದದ್ದು ಹೀಗೆ. ಲೆಕ್ಕದ ಭಾಗ ಬರೆದವರು ಹೊಸ ಸದಸ್ಯರ ಅನುಕೂಲಕ್ಕೆಂದು, ಪಟ್ಟಿಯಲ್ಲಿಲ್ಲದ ಸಂಖ್ಯೆ ಬಂದರೆ ಖಾತೆಯನ್ನು ತಾನಾಗಿಯೇ ತೆರೆಯುವ ವ್ಯವಸ್ಥೆ ಮಾಡಿದ್ದರು. ಸೊನ್ನೆಯ ಸದಸ್ಯ ಜನಿಸಿದ.

ತೂಕದ ಕತೆ ಬೇರೆ. ದಶಮಾಂಶಕ್ಕೆ ಎಕ್ಸ್‌ಜೆಸಿ ಕೊಡುವುದು ಬಿಗ್‌ಡೆಸಿಮಲ್. ಅದು ವಸ್ತು, ಟ್ಯಾಗ್ ಬಾರದಿದ್ದರೆ ನಲ್ ಉಳಿಯುತ್ತದೆ. ನಲ್ ಬಂದು ತಂತ್ರಾಂಶ ನಿಂತಾಗಲೆಲ್ಲ ದೂರು ಹೋಗಿರಬೇಕು. ‘ನಲ್ ಆದರೆ ಸೊನ್ನೆ ಎಂದು ತಿಳಿ’ ಎಂಬ ಸಾಲೊಂದನ್ನು ಯಾರೋ ಸೇರಿಸಿದ್ದರು. ಅಲಾರಂ ನಿಂತಿತು, ಸೊನ್ನೆ ಕಿಲೋ ಅಡಿಕೆಯ ರಸೀದಿಗಳು ಲೆಕ್ಕಕ್ಕೆ ಏರತೊಡಗಿದವು. ನಾನು ನೋಡಿದ ಜಾವಾ ತಂತ್ರಾಂಶಗಳಲ್ಲಿ ನಲ್ ಎಂಬುದನ್ನು ಹೀಗೆ ಸೊನ್ನೆ ಮಾಡಿ ಮುಚ್ಚಿಹಾಕಿದ ಸಾಲುಗಳಷ್ಟು ಹಾನಿ ಮಾಡಿದ್ದು ಇನ್ನೊಂದಿಲ್ಲ. ತೂಕ ಗೊತ್ತಿಲ್ಲ ಎಂಬುದೂ ತೂಕ ಸೊನ್ನೆ ಎಂಬುದೂ ಒಂದೇ ಅಲ್ಲ ಎಂದು ತಕ್ಕಡಿ ಹಿಡಿದವರಿಗೆ ಹೇಳಿಕೊಡಬೇಕಾಗಿಲ್ಲ.

ಕೇಂದ್ರಗಳ ಕಡತಗಳನ್ನು ತರಿಸಿ ಸಾಲುಸಾಲಾಗಿ ನೋಡಿದಾಗ, ವಿವರ ಕಾಣೆಯಾಗುವುದಕ್ಕೆ ಒಂದಲ್ಲ, ಹಲವು ದಾರಿಗಳಿದ್ದವು. ಪೆರ್ಲದ ಕೇಂದ್ರದಲ್ಲಿ ಹಳೆಯ ತಂತ್ರಾಂಶವಿತ್ತು. ಗುಮಾಸ್ತರು ಸದಸ್ಯರ ಸಂಖ್ಯೆ ಆರಿಸದಿದ್ದರೆ ಅದು ಆ ಟ್ಯಾಗನ್ನೇ ಬರೆಯುತ್ತಿರಲಿಲ್ಲ. ಬದಿಯಡ್ಕದ ಆವೃತ್ತಿ ಟ್ಯಾಗ್ ಬರೆದು ಒಳಗೆ ಏನನ್ನೂ ಇಡುತ್ತಿರಲಿಲ್ಲ. ದರ್ಜೆಯಂಥ ಪಠ್ಯದ ಫೀಲ್ಡಿನಲ್ಲಿ ಇವೆರಡಕ್ಕೆ ಬಹಳ ವ್ಯತ್ಯಾಸವಿದೆ: ಟ್ಯಾಗ್ ಇಲ್ಲದಿದ್ದರೆ ನಲ್, ಖಾಲಿ ಟ್ಯಾಗ್ ಇದ್ದರೆ ಉದ್ದ ಸೊನ್ನೆಯ ಪಠ್ಯ. ಮೊದಲನೆಯದನ್ನು ಹಿಡಿಯುವ ಷರತ್ತು ಎರಡನೆಯದನ್ನು ಬಿಟ್ಟುಬಿಡುತ್ತದೆ. ಮೂರನೆಯ ಕಡೆ ತೂಕದಲ್ಲಿ ಚುಕ್ಕಿಯ ಬದಲು ಅಲ್ಪವಿರಾಮ ಬಿದ್ದಿತ್ತು, 312.5 ಎನ್ನುವುದು 312,5 ಆಗಿತ್ತು. ಜಾಕ್ಸ್‌ಬಿ ಅದನ್ನು ಸಂಖ್ಯೆಯಾಗಿ ಓದಲಾರದೆ ಒಳಗೊಳಗೇ ದೋಷವೆಂದು ಗುರುತಿಸಿಕೊಂಡರೂ, ಕೇಳುವವರನ್ನು ಯಾರೂ ನೇಮಿಸಿರದ ಕಾರಣ ಸುಮ್ಮನಾಗಿ ಫೀಲ್ಡನ್ನು ನಲ್ ಬಿಟ್ಟಿತ್ತು. ಕೃಷಿಕರು ತಂದದ್ದು ಮುನ್ನೂರು ಕಿಲೋ ದಾಟಿದ ಅಡಿಕೆ, ಲೆಕ್ಕಕ್ಕೆ ಏರಿದ್ದು ಸೊನ್ನೆ.

ಎಲ್ಲಕ್ಕಿಂತ ಕೆಟ್ಟದ್ದು ಮುಳ್ಳೇರಿಯದ್ದು. ಅಲ್ಲಿ ಹೊಸ ತಂತ್ರಾಂಶ ಹಾಕಿದ ಮೇಲೆ ಕಡತದ ಮೂಲ ಟ್ಯಾಗಿಗೆ ಮಾತ್ರ ನೇಮ್‌ಸ್ಪೇಸ್ (ಟ್ಯಾಗ್ ಯಾವ ಗುಂಪಿನದೆಂದು ಹೇಳುವ ಗುರುತು) ಸೇರಿ, ಒಳಗಿನ ರಸೀದಿ ಟ್ಯಾಗ್‌ಗಳೆಲ್ಲ ನೇಮ್‌ಸ್ಪೇಸ್ ಇಲ್ಲದೆ ಬರುತ್ತಿದ್ದವು. ಕಣ್ಣಿಗೆ ಹೆಸರು ಒಂದೇ. ಜಾಕ್ಸ್‌ಬಿಗೆ ಅವು ಬೇರೆಯೇ ಟ್ಯಾಗ್‌ಗಳು. ಮೂಲ ಟ್ಯಾಗ್ ಗುರುತಿಗೆ ಸಿಗದಿದ್ದರೆ ಅದು ಕಡತವನ್ನು ತಿರಸ್ಕರಿಸುತ್ತದೆ, ಆದರೆ ಒಳಗಿನ ಅಪರಿಚಿತ ಟ್ಯಾಗ್‌ಗಳನ್ನು ದಾಟಿಕೊಂಡು ಹೋಗುತ್ತದೆ. ಪರಿಣಾಮವಾಗಿ ಇಡೀ ದಿನದ ವ್ಯವಹಾರ ಬಂದರೂ ರಸೀದಿಗಳ ಪಟ್ಟಿ ಬರಿದು. ದಾಖಲೆಯಲ್ಲಿ ‘ಕಡತ ಯಶಸ್ವಿಯಾಗಿ ಓದಲಾಗಿದೆ, ರಸೀದಿ: 0’ ಎಂದು ಬರೆದಿತ್ತು. ಆ ಸಾಲನ್ನು ಓದಿದ ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. ‘ಯಶಸ್ವಿಯಾಗಿ ಎಂದು ಬೇರೆ ಬರೆದುಕೊಂಡಿದೆಯಲ್ಲ’ ಎಂದರು.

ಪರಿಹಾರದ ಮಾತು ಬಂದಾಗ ಮೊದಲು ಕೇಳಿಬಂದ ಸಲಹೆ, ಜಾಕ್ಸ್‌ಬಿಗೆ ಒಂದು ಈವೆಂಟ್ ಹ್ಯಾಂಡ್ಲರ್ ಕೊಡೋಣ, ಅದು ದೋಷಗಳನ್ನೆಲ್ಲ ಹೇಳುತ್ತದೆ ಎಂಬುದು. ಅರ್ಧ ಸರಿ. ಹ್ಯಾಂಡ್ಲರ್ ಇದ್ದರೆ 312,5ರಂಥ ಓದಲಾಗದ ಸಂಖ್ಯೆಯ ಸುದ್ದಿ ಬರುತ್ತದೆ, ಅಪರಿಚಿತ ಟ್ಯಾಗಿನ ಸುದ್ದಿಯೂ ಬರುತ್ತದೆ. ಆದರೆ ಬಾರದೇ ಇರುವ ಟ್ಯಾಗಿನ ಸುದ್ದಿ ಬರುವುದಿಲ್ಲ. ಏನು ಬರಬೇಕಿತ್ತು ಎಂಬ ಪಟ್ಟಿಯನ್ನು ಹಿಡಿದು ಎಣಿಸುವವರು ಬೇಕು, ಆ ಪಟ್ಟಿ ಇರುವುದು ಸ್ಕೀಮಾದಲ್ಲಿ. ಆದ್ದರಿಂದ ಸ್ಕೀಮಾವನ್ನೂ ಹ್ಯಾಂಡ್ಲರನ್ನೂ ಒಟ್ಟಿಗೇ ಇಡಬೇಕಾಯಿತು. ಸ್ಕೀಮಾ ಮಾತ್ರ ಕೊಟ್ಟರೆ ಮೊದಲ ತಪ್ಪಿಗೇ ಓದು ನಿಂತು ಅಪವಾದ, ಎಂದರೆ ಎಕ್ಸೆಪ್ಶನ್, ಏಳುತ್ತದೆ. ಹ್ಯಾಂಡ್ಲರ್ ಕೊಟ್ಟು ಅದರಿಂದ ‘ಮುಂದುವರಿ’ ಎಂಬ ಉತ್ತರ ಕೊಡಿಸಿದರೆ ಎಲ್ಲ ತಪ್ಪುಗಳೂ ಒಟ್ಟಿಗೆ ಸಿಗುತ್ತವೆ. ಕೊನೆಯಲ್ಲಿ ತಪ್ಪಿನ ಪಟ್ಟಿ ಖಾಲಿಯಿಲ್ಲದಿದ್ದರೆ ಆ ವಸ್ತುವನ್ನು ಎಸೆಯುವ ಹೊಣೆ ಮಾತ್ರ ನಮ್ಮದು. ಮುಂದುವರಿ ಎಂದು ಹೇಳಿ ಎಸೆಯಲು ಮರೆತರೆ ಮೊದಲಿನ ಸ್ಥಿತಿಯೇ.

ಪರೀಕ್ಷಾ ಯಂತ್ರದಲ್ಲಿ ಸ್ಕೀಮಾ ಚಾಲೂ ಮಾಡಿದ ಕೂಡಲೇ, ಅದುವರೆಗೆ ಯಾವ ತೊಂದರೆಯನ್ನೂ ಕೊಡದ ಬಂದಡ್ಕದ ಕೇಂದ್ರದ ಕಡತಗಳೆಲ್ಲ ಬಿದ್ದುಹೋದವು. ಅವುಗಳಲ್ಲಿ ಎಲ್ಲ ವಿವರಗಳೂ ಇದ್ದವು, ಆದರೆ ತೂಕ ದರ್ಜೆಗಿಂತ ಮೊದಲು ಬರುತ್ತಿತ್ತು. ಸ್ಕೀಮಾದಲ್ಲಿ ‘ಸೀಕ್ವೆನ್ಸ್’ ಎಂದು ಬರೆದ ಮೇಲೆ ಕ್ರಮವೂ ನಿಯಮವೇ. ಜಾಕ್ಸ್‌ಬಿ ಒಂದೇ ಇದ್ದಾಗ ಕ್ರಮವನ್ನು ಕೇಳುವವರಿರಲಿಲ್ಲ. ರಸೀದಿಯ ವಿವರಗಳು ತಲಾ ಒಂದೇ ಸಲ ಬರುವಂಥವು, ಕ್ರಮದಿಂದ ಯಾವ ಅರ್ಥವೂ ಹೊರಡುವುದಿಲ್ಲ. ಆದ್ದರಿಂದ ಸೀಕ್ವೆನ್ಸ್ ತೆಗೆದು ‘ಆಲ್’ ಹಾಕಿದೆವು. ಕೇಂದ್ರವನ್ನು ದಾರಿಗೆ ತರುವುದು ಶಿಸ್ತು ಎಂದು ತಂತ್ರಾಂಶದವರು ಪಟ್ಟುಹಿಡಿದರು. ಕೆಲಸಕ್ಕೆ ಬಾರದ ಶಿಸ್ತು ಅದು ಎಂದು ನನ್ನ ಅಭಿಪ್ರಾಯ.

ಸ್ಕೀಮಾವನ್ನೂ ಬಿಗಿ ಮಾಡಬೇಕಿತ್ತು. ‘ಸ್ಟ್ರಿಂಗ್’ ಎಂದು ಮಾತ್ರ ಬರೆದ ಕಡ್ಡಾಯ ಟ್ಯಾಗ್ ಖಾಲಿಯಿದ್ದರೂ ಸ್ಕೀಮಾದ ಕಣ್ಣಿಗೆ ಸರಿಯೇ. ಟ್ಯಾಗ್ ಬಂದಿದೆ, ಅಷ್ಟು ಸಾಕು. ದರ್ಜೆಗೆ ಅನುಮತಿಸಿದ ಹೆಸರುಗಳ ಪಟ್ಟಿಯನ್ನೇ ಕೊಟ್ಟೆವು. ಹೆಸರಿನಂಥ ಪಠ್ಯಕ್ಕೆ ‘ಟೋಕನ್’ ಎಂಬ ಮೂಲ ಬಗೆ ಹಿಡಿದು ಕನಿಷ್ಠ ಉದ್ದ 1 ಎಂದೆವು. ಟೋಕನ್ ಆದರೆ ಅಕ್ಕಪಕ್ಕದ ಖಾಲಿ ಜಾಗ ಕಳೆದ ಮೇಲೆ ಉದ್ದ ಎಣಿಸುವುದರಿಂದ ಸ್ಪೇಸ್ ಬಾರ್ ಒತ್ತಿ ತಪ್ಪಿಸಿಕೊಳ್ಳುವಂತಿಲ್ಲ. ಸದಸ್ಯ ಸಂಖ್ಯೆ ಕನಿಷ್ಠ 1, ತೂಕ ಸೊನ್ನೆಗಿಂತ ಹೆಚ್ಚು. ಕೊನೆಯ ಎರಡು ನಿಯಮಗಳಿಲ್ಲದಿದ್ದರೆ ಕೇಂದ್ರದವರೇ ಬರೆದ 0 ಸಲೀಸಾಗಿ ಒಳಗೆ ಬರುತ್ತಿತ್ತು.

ಹೆಸರಿನ ವಿಷಯದಲ್ಲಿ ನಿಜವಾದ ಕಾಸರಗೋಡು ಎದುರಾಯಿತು. ಎರಡು ಕೇಂದ್ರಗಳ ಗುಮಾಸ್ತರು ಕನ್ನಡದಲ್ಲಿ ಹೆಸರು ಬರೆಯುತ್ತಾರೆ, ಉಳಿದವರು ಮಲಯಾಳದಲ್ಲಿ. ಹಳೆಯ ಕಂಪ್ಯೂಟರೊಂದರಿಂದ ಬಂದ ಹೆಸರುಗಳು ಯೂನಿಕೋಡ್ ಬರುವುದಕ್ಕೆ ಮೊದಲಿನ ಫಾಂಟಿನಲ್ಲಿ ಟೈಪಾಗಿದ್ದವು. ಅಲ್ಲಿ ಕನ್ನಡವಾಗಿ ಕಾಣುವುದು ಇಲ್ಲಿ ರೋಮನ್ ಅಕ್ಷರಗಳ ಗೊಂದಲವಾಗಿ ತೆರೆದುಕೊಳ್ಳುತ್ತಿತ್ತು. ಫೀಲ್ಡ್ ತುಂಬಿದೆ, ಉದ್ದವೂ ಇದೆ, ಓದಲು ಬರುವುದಿಲ್ಲ. ಇದನ್ನು ತಡೆಯಲು ತಂತ್ರಾಂಶದವರು ಸ್ಕೀಮಾದ ಒಂದು ಸೌಲಭ್ಯವನ್ನು ಬಳಸಿದರು. ಎಕ್ಸ್‌ಎಸ್‌ಡಿಯ ಪ್ಯಾಟರ್ನ್‌ನಲ್ಲಿ ‘ಈಸ್‌ಕನ್ನಡ’, ‘ಈಸ್‌ಮಲಯಾಳಂ’ ಎಂದು ಯೂನಿಕೋಡ್ ವಿಭಾಗದ ಹೆಸರನ್ನೇ ಕೊಟ್ಟು, ಇವೆರಡರ ಅಕ್ಷರಗಳು, ಖಾಲಿ ಜಾಗ, ಚುಕ್ಕಿ ಮಾತ್ರ ಇರಲಿ ಎನ್ನಬಹುದು. ಚೆನ್ನಾಗಿಯೇ ಇದೆ ಎನ್ನಿಸಿತು. ಮೊದಲ ಓಟದಲ್ಲಿಯೇ ಕನ್ನಡದ ‘ಜಾನ್‌ಸನ್’ ತಿರಸ್ಕೃತನಾದ.

ಕಾರಣ ಕಣ್ಣಿಗೆ ಕಾಣುವಂಥದ್ದಲ್ಲ. ‘ನ್’ ಆದ ಮೇಲೆ ‘ಸ’ ಒತ್ತಕ್ಷರವಾಗಿ ಕೆಳಗಿಳಿಯದಂತೆ ತಡೆಯಲು ನಡುವೆ ಝಡ್‌ಡಬ್ಲ್ಯುಎನ್‌ಜೆ ಎಂಬ ಅಗಲವಿಲ್ಲದ ಅಕ್ಷರ ಕೂತಿರುತ್ತದೆ. ಯೂನಿಕೋಡಿನಲ್ಲಿ ಅದರ ಮನೆ ಕನ್ನಡದ ವಿಭಾಗದಲ್ಲಿಲ್ಲ. ಎಲ್ಲ ಲಿಪಿಗಳಿಗೂ ಸಾಮಾನ್ಯವಾದ ವಿರಾಮಚಿಹ್ನೆಗಳ ವಿಭಾಗದಲ್ಲಿದೆ. ಮಲಯಾಳದಲ್ಲಿಯೂ ಇದೇ ಬಗೆಯ ತೊಡಕಿತ್ತು. ಚಿಲ್ಲಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನದ ವಿಶೇಷ ರೂಪಗಳಿಗೆ) ಸ್ವಂತ ಸ್ಥಾನ ದೊರೆತದ್ದು 2008ರ ಯೂನಿಕೋಡ್ 5.1ರಲ್ಲಿ, ಅದಕ್ಕೆ ಮೊದಲಿನ ಪದ್ಧತಿಯಲ್ಲಿ ಅವನ್ನು ವ್ಯಂಜನ, ಚಂದ್ರಕ್ಕಲ (ಸ್ವರ ತೆಗೆಯುವ ಚಿಹ್ನೆ) ಮತ್ತು ಝಡ್‌ಡಬ್ಲ್ಯುಜೆ ಎಂಬ ಇನ್ನೊಂದು ಅಗೋಚರ ಅಕ್ಷರ ಸೇರಿಸಿ ಬರೆಯುತ್ತಿದ್ದರು. ಹಳೆಯ ಕಂಪ್ಯೂಟರುಗಳಲ್ಲಿ ಆ ರೂಪ ಈಗಲೂ ಇದೆ. ಹೀಗೆ ಒಂದು ಲಿಪಿಯನ್ನು ರಕ್ಷಿಸಲು ಹೊರಟ ನಿಯಮ ಆ ಲಿಪಿಯಲ್ಲಿ ಸರಿಯಾಗಿ ಬರೆದವರನ್ನೇ ಹೊರಗೆ ನಿಲ್ಲಿಸಿತು. ಪ್ಯಾಟರ್ನ್‌ಗೆ ಆ ಎರಡು ಅಕ್ಷರಗಳನ್ನು ಸೇರಿಸಿದ ಮೇಲೆ ಅದು ಕೆಲಸಕ್ಕೆ ಬಂತು.

ಆದರೆ ಹೆಸರು ಕಡ್ಡಾಯವಾಗಿರಬೇಕೇ ಎಂಬ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಸ್ಕೀಮಾದಲ್ಲಿ ‘ಮೊದಲ ಹೆಸರು’, ‘ಕುಟುಂಬದ ಹೆಸರು’ ಎಂದು ಎರಡು ಕಡ್ಡಾಯ ಫೀಲ್ಡುಗಳಿದ್ದವು. ಎಲ್ಲಿಯೋ ಬೇರೆ ಊರಿನ ನಮೂನೆಯಿಂದ ಬಂದ ಏರ್ಪಾಡು. ಇಲ್ಲಿ ಮನೆಯ ಹೆಸರು ಕೆಲವರಿಗೆ ಹೆಸರಿನ ಮೊದಲು ಇನಿಷಿಯಲ್ ಆಗಿ ಬರುತ್ತದೆ, ಕೆಲವರಿಗೆ ಕೊನೆಯಲ್ಲಿ. ಇನ್ನು ಕೆಲವರಿಗೆ ಇರುವುದೇ ಒಂದು ಹೆಸರು. ಕುಟುಂಬದ ಹೆಸರು ಕೇಳಿದಲ್ಲಿ ಗುಮಾಸ್ತರು ಚುಕ್ಕಿ ಇಟ್ಟಿದ್ದರು, ಅಡ್ಡಗೆರೆ ಎಳೆದಿದ್ದರು. ಮೊಬೈಲ್ ಸಂಖ್ಯೆ ಕಡ್ಡಾಯವಾದಲ್ಲಿ ಒಂದೇ ಅಂಕಿಯನ್ನು ಹತ್ತು ಸಲ ಒತ್ತಿದ್ದರು. ತೂಕ ಮಾಡುವ ಒಬ್ಬರನ್ನು ವಿಚಾರಿಸಿದಾಗ ಅವರು ಕಾರ್ಯದರ್ಶಿಗಳ ಕಡೆ ತಿರುಗಿ, ‘ಮಾಷ್ಟ್ರೇ, ಅಜ್ಜ ಒಬ್ಬರು ಮೂಟೆ ಇಳಿಸಿ ಜೀಪು ಕಾಯಿಸುತ್ತಾ ನಿಂತಿರುತ್ತಾರೆ. ಅವರ ಬಳಿ ಫೋನಿಲ್ಲ. ನಂಬರ್ ಹಾಕದೆ ಈ ಯಂತ್ರ ರಸೀದಿ ಕೊಡುವುದಿಲ್ಲ. ನಾನು ಏನು ಮಾಡಬೇಕು?’ ಎಂದು ಕೇಳಿದರು. ಅದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ.

ಕಡ್ಡಾಯದ ಪಟ್ಟಿಯನ್ನು ಆ ಮಧ್ಯಾಹ್ನ ಕಾರ್ಯದರ್ಶಿ, ಇಬ್ಬರು ಗುಮಾಸ್ತರು ಮತ್ತು ಲೆಕ್ಕದವರು ಕೂತು ಹೊಸದಾಗಿ ಮಾಡಿದರು. ಹಣ ಯಾರಿಗೆ, ಎಷ್ಟು, ಯಾಕೆ ಎಂದು ಹೇಳುವ ವಿವರಗಳು ಮಾತ್ರ ಉಳಿದವು: ರಸೀದಿ ಸಂಖ್ಯೆ, ದಿನಾಂಕ, ಸದಸ್ಯ ಸಂಖ್ಯೆ, ದರ್ಜೆ, ತೂಕ, ದರ. ಹೆಸರು ಸದಸ್ಯರ ಪಟ್ಟಿಯಲ್ಲಿ ಹೇಗೂ ಇರುವುದರಿಂದ ರಸೀದಿಯಲ್ಲಿ ಒಂದೇ ಫೀಲ್ಡಾಗಿ, ಐಚ್ಛಿಕವಾಯಿತು. ಮೊಬೈಲ್ ಐಚ್ಛಿಕವಾಯಿತು. ಎಕ್ಸ್‌ಜೆಸಿ ಮತ್ತೆ ಓಡಿಸುವ ಮೊದಲು, ಕಡ್ಡಾಯ ಸಂಖ್ಯೆಗಳಿಗೂ ಇಂಟ್ ಬದಲು ಇಂಟೀಜರ್ ಬರುವಂತೆ ಅದಕ್ಕೆ ಸೂಚನೆ ಕೊಟ್ಟೆವು. ಸ್ಕೀಮಾ ಇದ್ದ ಮೇಲೆ ಅದು ಅಗತ್ಯವಿಲ್ಲ ಎಂಬ ವಾದವಿತ್ತು. ಮುಂದೊಂದು ದಿನ ಯಾರಾದರೂ ‘ಸೆಟ್‌ಸ್ಕೀಮಾ’ ಸಾಲನ್ನು ವೇಗದ ನೆಪದಲ್ಲಿ ತೆಗೆದರೆ ಸೊನ್ನೆ ಮತ್ತೆ ನುಸುಳಬಾರದು ಎಂಬುದಕ್ಕಾಗಿ ಅದು ಬೇಕು ಎಂದೆ. ವೇಗ ಬೇಕಾದವರಿಗೆ ಬೇರೆ ದಾರಿಯಿದೆ: ಸ್ಕೀಮಾ ವಸ್ತುವನ್ನೂ ಜಾಕ್ಸ್‌ಬಿ ಕಾಂಟೆಕ್ಸ್ಟನ್ನೂ (ಕ್ಲಾಸ್‌ಗಳ ಮಾಹಿತಿ ಹಿಡಿದಿರುವ ವಸ್ತು) ಒಂದೇ ಸಲ ಮಾಡಿಟ್ಟುಕೊಂಡು ಏಕಕಾಲಕ್ಕೆ ಓಡುವ ಎಲ್ಲ ಕೆಲಸಗಳಿಗೂ, ಎಂದರೆ ಥ್ರೆಡ್‌ಗಳಿಗೂ, ಹಂಚಬಹುದು. ಅನ್‌ಮಾರ್ಷಲರ್ ಮಾತ್ರ ಹಂಚಿಕೊಳ್ಳುವಂಥದ್ದಲ್ಲ. ಪ್ರತಿ ಥ್ರೆಡ್‌ಗೂ ಬೇರೆಯದೇ ಬೇಕು.

ಸ್ಕೀಮಾದಿಂದ ಆಗದ ಕೆಲಸವೂ ಒಂದಿತ್ತು. ಹಣವನ್ನು ಬ್ಯಾಂಕಿಗೆ ಹಾಕಿ ಎಂದವರಿಗೆ ಮಾತ್ರ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಸಂಕೇತ) ಕಡ್ಡಾಯ, ಸಂಘದ ಠೇವಣಿಯಲ್ಲೇ ಇರಲಿ ಎಂದವರಿಗೆ ಬೇಡ. ಒಂದು ಫೀಲ್ಡಿನ ಮೌಲ್ಯವನ್ನು ನೋಡಿ ಇನ್ನೊಂದನ್ನು ಕಡ್ಡಾಯ ಮಾಡುವುದು 2001ರ ಎಕ್ಸ್‌ಎಸ್‌ಡಿ 1.0ರಲ್ಲಿ ಆಗುವುದಿಲ್ಲ. 2012ರ 1.1ರಲ್ಲಿ ‘ಅಸರ್ಟ್’ ಬಂದಿದೆ, ಆದರೆ ಜಾವಾದ ಜೊತೆಗೆ ಬರುವ ಪರಿಶೀಲಕ 1.0ನ್ನಷ್ಟೇ ಬಲ್ಲದು. ಆದ್ದರಿಂದ ಎರಡನೆಯ ಹಂತವೊಂದನ್ನು ಇಟ್ಟೆವು. ಎಕ್ಸ್‌ಜೆಸಿ ಹುಟ್ಟಿಸಿದ ವಸ್ತುವಿನಿಂದ ಸಂಘದ್ದೇ ಆದ ‘ರಸೀದಿ’ ಕ್ಲಾಸಿಗೆ ವಿವರಗಳನ್ನು ವರ್ಗಾಯಿಸಿ, ಅದರ ಮೇಲೆ ಬೀನ್ ವ್ಯಾಲಿಡೇಶನ್ ಎಂಬ ಜಾವಾ ಪರಿಶೀಲನಾ ಪದ್ಧತಿಯ ನಿಯಮಗಳನ್ನು ಬರೆದು, ಪರಿಶೀಲಕವನ್ನು ನಾವೇ ಕರೆಯುವುದು. ಕರೆಯುವುದು ಎಂಬುದನ್ನು ಒತ್ತಿ ಹೇಳುತ್ತೇನೆ. ‘ನಾಟ್‌ನಲ್’, ‘ನಾಟ್‌ಬ್ಲ್ಯಾಂಕ್’ ಎಂದು ಹಚ್ಚಿದ ಮಾತ್ರಕ್ಕೆ ಜಾಕ್ಸ್‌ಬಿ ಅದನ್ನು ಓದುವುದಿಲ್ಲ. ಕರೆಯದೆ ಬಿಟ್ಟರೆ ಇದೂ ಹಳೆಯ ‘ರಿಕ್ವೈರ್ಡ್’ನ ತಮ್ಮನಾಗುತ್ತದೆ. ಎಕ್ಸ್‌ಜೆಸಿಯ ಕ್ಲಾಸಿಗೇ ಕೈಯಿಂದ ಹಚ್ಚೋಣ ಎಂದರೆ ಮುಂದಿನ ಸಲ ಉಪಕರಣ ಓಡಿಸಿದಾಗ ಅಳಿಸಿಹೋಗುತ್ತದೆ.

ಐಎಫ್‌ಎಸ್‌ಸಿ ವಿಷಯದಲ್ಲಿ ಆಕಾರದ ಪರಿಶೀಲನೆ ಸುಲಭ: ಒಟ್ಟು 11 ಅಕ್ಷರಗಳು, ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೆಯದು ಸೊನ್ನೆ. ಆದರೆ ಈ ಕರಾವಳಿಯಲ್ಲಿ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳ ಖಾತೆಗಳು ಮನೆಮನೆಯಲ್ಲಿದ್ದವು. ವಿಜಯಾ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಹಳೆಯ ಸಂಕೇತಗಳು ಕ್ರಮೇಣ ನಿಂತವು. ಹಳೆಯ ಪಾಸ್‌ಪುಸ್ತಕ ನೋಡಿ ಬರೆದ ಸಂಕೇತಕ್ಕೆ ಆಕಾರದಲ್ಲಿ ಯಾವ ಕುಂದೂ ಇಲ್ಲ, ಹಣ ಮಾತ್ರ ಹೋಗುವುದಿಲ್ಲ. ಅದನ್ನು ಚಾಲ್ತಿಯಲ್ಲಿರುವ ಸಂಕೇತಗಳ ಪಟ್ಟಿಯೊಂದಿಗೆ ಹೋಲಿಸದೆ ಬೇರೆ ದಾರಿಯಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು: ತಿರಸ್ಕರಿಸಿದ ಮೇಲೆ ಏನು? ಮೊದಲ ವಾರ ಇಡೀ ಕಡತವನ್ನೇ ತಿರಸ್ಕರಿಸುವ ಏರ್ಪಾಡಿತ್ತು. ಒಂದು ರಸೀದಿಯಲ್ಲಿ ತೂಕ ತಪ್ಪಿದರೆ ಆ ದಿನ ಅಡಿಕೆ ತಂದ ಎಲ್ಲರ ಹಣವೂ ನಿಂತಿತು. ಒಂದು ಕರಿಗೋಟು ಸಿಕ್ಕಿತೆಂದು ಮೂಟೆಯನ್ನೇ ಹಿಂದಕ್ಕೆ ಕಳಿಸಿದಂತೆ. ಆದ್ದರಿಂದ ಕಡತವನ್ನು ತುಂಡುತುಂಡಾಗಿ ಓದುವ ಸ್ಟ್ಯಾಕ್ಸ್ ಎಂಬ ಓದುಗದಿಂದ ತೆರೆದು, ಒಂದೊಂದು ರಸೀದಿಯನ್ನು ಬೇರೆಬೇರೆಯಾಗಿ ಅನ್‌ಮಾರ್ಷಲ್ ಮಾಡುವಂತೆ ಬದಲಿಸಿದೆವು. ಹೀಗೆ ಮಾಡುವಾಗ ‘ರಸೀದಿ’ ಎಂಬ ಟ್ಯಾಗನ್ನು ಸ್ಕೀಮಾದಲ್ಲಿ ಮೇಲುಹಂತದಲ್ಲಿ ಘೋಷಿಸಿರಬೇಕು. ಅದು ಇನ್ನೊಂದು ಟ್ಯಾಗಿನ ಒಳಗೆ ಮಾತ್ರ ಘೋಷಿತವಾಗಿದ್ದರೆ, ಈ ಟ್ಯಾಗಿನ ಘೋಷಣೆಯೇ ಸಿಗುತ್ತಿಲ್ಲ ಎಂದು ಪರಿಶೀಲಕ ಎಲ್ಲ ರಸೀದಿಗಳನ್ನೂ ತಳ್ಳಿಹಾಕುತ್ತದೆ. ಸರಿಯಾದವು ಲೆಕ್ಕಕ್ಕೆ, ತಪ್ಪಿದವು ತಡೆಪಟ್ಟಿಗೆ ಹೋದವು. ಕಡತದ ತಲೆಯಲ್ಲಿ ‘ಒಟ್ಟು ರಸೀದಿ ಇಷ್ಟು’ ಎಂಬ ಸಂಖ್ಯೆಯನ್ನು ಕಡ್ಡಾಯ ಮಾಡಿ, ಎರಡರ ಮೊತ್ತ ಅದಕ್ಕೆ ತಾಳೆಯಾಗದಿದ್ದರೆ ಕಡತವನ್ನೇ ಮುಟ್ಟಬಾರದು ಎಂದೆವು. ಮುಳ್ಳೇರಿಯದಂಥ ಖಾಲಿ ಯಶಸ್ಸಿಗೆ ಅದೇ ಬೀಗ.

ದೋಷದ ಸಂದೇಶಗಳನ್ನು ಬದಲಿಸುವುದಕ್ಕೆ, ನಿಜ ಹೇಳಬೇಕೆಂದರೆ, ಸ್ಕೀಮಾಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಪರಿಶೀಲಕ ಕೊಡುವುದು ಸಂಕೇತ ಸಂಖ್ಯೆಯಿಂದ ಆರಂಭವಾಗುವ ಉದ್ದನೆಯ ಇಂಗ್ಲಿಷ್ ವಾಕ್ಯ, ಜೊತೆಗೆ ಕಡತದ ಸಾಲು ಸಂಖ್ಯೆ. ಪೆರ್ಲದ ಗುಮಾಸ್ತರಿಗೆ 418ನೆಯ ಸಾಲು ಎಂದರೆ ಏನೂ ಅಲ್ಲ. ರಸೀದಿ ಸಂಖ್ಯೆ ಹೇಳಿದರೆ ಕಡತ ತೆಗೆದು ನೋಡಬಲ್ಲರು. ಆದ್ದರಿಂದ ಹ್ಯಾಂಡ್ಲರ್ ಸಂಗ್ರಹಿಸಿದ ಪ್ರತಿ ದೋಷಕ್ಕೂ ಆ ಹೊತ್ತಿನ ರಸೀದಿ ಸಂಖ್ಯೆಯನ್ನು ಅಂಟಿಸಿ, ‘ರಸೀದಿಯಲ್ಲಿ ತೂಕ ನಮೂದಾಗಿಲ್ಲ’ ಎಂಬಂಥ ವಾಕ್ಯವನ್ನು ಕೇಂದ್ರದ ಭಾಷೆಗೆ ತಕ್ಕಂತೆ ಕನ್ನಡದಲ್ಲೋ ಮಲಯಾಳದಲ್ಲೋ ಕಳಿಸುವ ಏರ್ಪಾಡಾಯಿತು. ರಸೀದಿ ಸಂಖ್ಯೆಯೇ ಇಲ್ಲದ ರಸೀದಿಗೆ, ಅದರ ಹಿಂದಿನ ರಸೀದಿಯ ಸಂಖ್ಯೆ ಹೇಳಿ ‘ಇದರ ನಂತರದ್ದು’ ಎನ್ನುತ್ತದೆ.

ಹೊರಗೆ ಹೋಗುವ ಕಡತಗಳ ಕಡೆಯೂ ಕೈಯಾಡಿಸಿದ್ದಾಯಿತು. ಮಂಗಳೂರಿನ ವ್ಯಾಪಾರಿಗಳಿಗೆ ಮಾರಿದ ಅಡಿಕೆ ರಾಜ್ಯದ ಗಡಿಯಾದ ತಲಪಾಡಿ ದಾಟುವುದರಿಂದ ಅದು ಅಂತರರಾಜ್ಯ ಮಾರಾಟ. ಕೊಳ್ಳುವವರ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಕರ್ನಾಟಕದ 29ರಿಂದ ಆರಂಭವೋ ಕೇರಳದ 32ರಿಂದಲೋ ಎಂಬುದು ಅವರು ಯಾವ ರಾಜ್ಯದಲ್ಲಿ ನೋಂದಾಯಿತರೆಂದು ಹೇಳುತ್ತದೆ. ಆ ಸಂಖ್ಯೆ ನಲ್ ಇದ್ದಾಗ ಮಾರ್ಷಲರ್ ಟ್ಯಾಗನ್ನು ನುಂಗಿ ಕಡತ ಬರೆಯುತ್ತಿತ್ತು. ಮಾರ್ಷಲರ್‌ಗೂ ಸ್ಕೀಮಾ ಕೊಟ್ಟ ಮೇಲೆ ನಿಂತಿತು.

ಹಳೆಯ ಸೊನ್ನೆ ಖಾತೆಯನ್ನು ಬಿಡಿಸಿದ್ದು ತಂತ್ರಾಂಶವಲ್ಲ, ಕಡತಕ್ಕೆ ಚುಚ್ಚಿದ್ದ ಕಾಗದದ ಪ್ರತಿಗಳು. ಬೇಸಗೆಯ ರಜೆಯಲ್ಲಿ ಊರಿಗೆ ಬಂದಿದ್ದ ಕಾಲೇಜು ಹುಡುಗರಿಬ್ಬರು ದಿನಾಂಕ, ದರ್ಜೆ, ತೂಕ ಹೊಂದಿಸಿ ಒಂದೊಂದನ್ನೇ ನಿಜವಾದ ಸದಸ್ಯರಿಗೆ ಮರಳಿಸಿದರು. ಮಳೆಗೆ ಒದ್ದೆಯಾಗಿ ಅಕ್ಷರ ಅಳಿಸಿದ್ದ ಕೆಲವಕ್ಕೆ ಮಾತ್ರ ವಾರಸುದಾರರು ಸಿಗಲಿಲ್ಲ. ಆ ಮೊತ್ತವನ್ನು ಅನಾಮತ್ತು ಖಾತೆಗೆ ಹಾಕಿ, ಕೇಂದ್ರಗಳ ಸೂಚನಾ ಫಲಕದಲ್ಲಿ ದಿನಾಂಕ ಮತ್ತು ತೂಕದ ಪಟ್ಟಿ ಅಂಟಿಸಿದರು.

ಮುಖ್ಯ ಕಚೇರಿಯ ಸರ್ವರ್ ಆಮೇಲೆ ಜಾವಾ 8ರಿಂದ 17ಕ್ಕೆ ಹೋಯಿತು. 2018ರ ಜಾವಾ 11ರಿಂದಲೇ ಜಾಕ್ಸ್‌ಬಿ ಜೊತೆಯಲ್ಲಿ ಬರುವುದಿಲ್ಲ, ಬೇರೆಯಾಗಿ ಸೇರಿಸಿಕೊಳ್ಳಬೇಕು. ಹೊಸ ಆವೃತ್ತಿಗಳಲ್ಲಿ ಅದರ ಪ್ಯಾಕೇಜಿನ ಹೆಸರು ‘ಜಾವಾಎಕ್ಸ್’ ಹೋಗಿ ‘ಜಕಾರ್ತಾ’ ಆಗಿದೆ. ಕ್ಲಾಸಿನ ಮೇಲೆ ಹಳೆಯ ಹೆಸರಿನ ಅನೊಟೇಶನ್ ಉಳಿಸಿಕೊಂಡು ಹೊಸ ಗ್ರಂಥಾಲಯ ಸೇರಿಸಿದರೆ ಅದು ಆ ಅನೊಟೇಶನ್‌ಗಳನ್ನು ಗಮನಿಸುವುದೇ ಇಲ್ಲ. ಹೊಸ ತಂತ್ರಾಂಶದವರು ಒಂದು ಕ್ಲಾಸಿನಲ್ಲಿ ಹೀಗೆಯೇ ಬಿಟ್ಟಿದ್ದರು. ಅಷ್ಟರಲ್ಲಿ ಪರೀಕ್ಷೆಗೆಂದು ಒಂದು ಫೋಲ್ಡರ್ ಸಿದ್ಧವಾಗಿತ್ತು: ಟ್ಯಾಗ್ ಇಲ್ಲದ್ದು, ಟ್ಯಾಗ್ ಖಾಲಿ ಇರುವುದು, ಅಲ್ಪವಿರಾಮದ ತೂಕ, ನೇಮ್‌ಸ್ಪೇಸ್ ತಪ್ಪಿದ್ದು, ಅಗೋಚರ ಅಕ್ಷರದ ಹೆಸರು, ಎಲ್ಲ ಸರಿಯಿರುವುದು. ಸರಿಯಿರುವ ಕಡತದಲ್ಲೇ ದರ್ಜೆ ಕಾಣೆ ಎಂದು ಪರೀಕ್ಷೆ ಕೂಗಿತು. ಸಾಲು ತಿದ್ದಿ ಮತ್ತೆ ಓಡಿಸಿದರು. ಈಗ ಹೊಸ ಕೇಂದ್ರ ತೆರೆದಾಗ ಅಲ್ಲಿನ ಒಂದು ದಿನದ ಕಡತವನ್ನೂ ಆ ಫೋಲ್ಡರಿಗೆ ಸೇರಿಸಿ, ಪರೀಕ್ಷೆ ಪಾಸಾದ ಮೇಲೆ ಮಾತ್ರ ತೂಕ ಆರಂಭಿಸಲು ಕಾರ್ಯದರ್ಶಿಗಳು ಸಹಿ ಹಾಕುತ್ತಾರೆ.